ಬೆತ್ತ ಹೋದ ಮೇಲೆ: ಆಳಂದ, ಅಫಜಲಪುರ, ಜೇವರ್ಗಿಯ ಸರ್ಕಾರಿ ಶಾಲೆಗಳಲ್ಲಿ ಶಿಸ್ತಿನ ಪ್ರಶ್ನೆ

ಶಾಲೆಯೊಂದು ತನ್ನ ಮಕ್ಕಳಿಂದ ಯಾವ ನಡವಳಿಕೆಯನ್ನು ಬಯಸಬಹುದು, ಮಗು ಅದರಂತೆ ನಡೆಯದಿದ್ದಾಗ ಶಾಲೆ ಏನು ಮಾಡಬಹುದು, ಏನು ಮಾಡಬಾರದು ಎಂಬ ಪ್ರಶ್ನೆಗೆ ದೇಶದ ಕಾನೂನು 2009ರಲ್ಲಿಯೇ ಉತ್ತರ ಕೊಟ್ಟಿದ್ದರೂ, ಆ ಉತ್ತರ ಹಳ್ಳಿಯ ತರಗತಿಯವರೆಗೆ ಬಂದು ಮುಟ್ಟಿರುವುದು ಅರ್ಧದಷ್ಟು ಮಾತ್ರ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಈ ಅರ್ಧದಾರಿಯ ಸ್ಥಿತಿಯನ್ನು ಪರಿಶೀಲಿಸಲು ತಕ್ಕ ನೆಲ. ಮೊದಲೆರಡು ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಿವೆ. ಅಫಜಲಪುರ ಮತ್ತು ಜೇವರ್ಗಿಯ ಹೊಲಗಳ ನಡುವೆ ಭೀಮಾ ನದಿ ಹರಿಯುತ್ತದೆ. ಮೂರೂ ಕಡೆ ತೊಗರಿ ಮುಖ್ಯ ಬೆಳೆ, ಕನ್ನಡದ ಜೊತೆಗೆ ಉರ್ದು, ಮರಾಠಿ, ಲಂಬಾಣಿ ಮನೆಮಾತುಗಳು. ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ನೇಮಕವಾಗಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪೈಕಿ 21 ಅಂದಿನ ಗುಲಬರ್ಗಾ ವಿಭಾಗದಲ್ಲಿದ್ದವು, ಈ ಮೂರೂ ಆ ಪಟ್ಟಿಗೆ ಸೇರಿದ್ದವು.

ಶಿಕ್ಷಣ ಹಕ್ಕು ಕಾಯ್ದೆ ಎಂದು ಜನ ಕರೆಯುವ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ಕಾನೂನು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿತು. ಅದರ 17ನೇ ಕಲಮು ಯಾವ ಮಗುವನ್ನೂ ದೈಹಿಕ ದಂಡನೆಗೆ ಅಥವಾ ಮಾನಸಿಕ ಹಿಂಸೆಗೆ ಒಳಪಡಿಸಬಾರದೆಂದು ಹೇಳುತ್ತದೆ. ಹಾಗೆ ಮಾಡಿದವರ ಮೇಲೆ ಅವರಿಗೆ ಅನ್ವಯಿಸುವ ಸೇವಾ ನಿಯಮಗಳ ಪ್ರಕಾರ ಶಿಸ್ತು ಕ್ರಮ ಕೈಗೊಳ್ಳಬೇಕೆಂದೂ ವಿಧಿಸುತ್ತದೆ. ದೈಹಿಕ ದಂಡನೆಯೆಂದರೆ ಬೆತ್ತದ ಏಟು ಮಾತ್ರವೇ ಎಂದು ತಿಳಿಯಬೇಕಿಲ್ಲ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯ ಪ್ರಕಾರ ಕಿವಿ ಹಿಂಡುವುದು, ಬಸ್ಕಿ ಹೊಡೆಸುವುದು, ಬೆಂಚಿನ ಮೇಲೆ ನಿಲ್ಲಿಸುವುದು, ಬಿಸಿಲಿನಲ್ಲಿ ಮೊಣಕಾಲೂರಿಸುವುದು ಇವೆಲ್ಲ ಅದೇ ಸಾಲಿಗೆ ಸೇರುತ್ತವೆ. ಜಾತಿ, ಬಡತನ, ಮೈಬಣ್ಣ ಅಥವಾ ತಂದೆತಾಯಿಯ ಕಸುಬನ್ನು ಎತ್ತಿ ಹಂಗಿಸುವುದು ಮಾನಸಿಕ ಹಿಂಸೆ. ಇದರ ಜೊತೆಗೆ 16ನೇ ಕಲಮು ಪ್ರಾಥಮಿಕ ಶಿಕ್ಷಣ, ಅಂದರೆ ಎಂಟನೆಯ ತರಗತಿ, ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಿಂದ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಅನುತ್ತೀರ್ಣರಾದವರನ್ನು ಅಲ್ಲಿಯೇ ಉಳಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ದೊರೆಯಿತಾದರೂ ಹೊರಹಾಕುವ ಅಧಿಕಾರ ಮಾತ್ರ ಮರಳಲಿಲ್ಲ. ಹೀಗೆ ಹಳೆಯ ಶಾಲೆಯ ಎರಡು ದೊಡ್ಡ ಬೆದರಿಕೆಗಳು, ‘ಛಡಿ ತರಲೇನು?’ ಮತ್ತು ‘ಟಿಸಿ ಕೊಟ್ಟು ಕಳಿಸಲೇನು?’ ಎಂಬವು, ಒಂದೇ ಕಾನೂನಿನಿಂದ ಅಮಾನ್ಯವಾದವು.

ಈ ಬದಲಾವಣೆ ಭಾರತದಲ್ಲಿ ಏಕಾಏಕಿ ಬಂದದ್ದಲ್ಲ. ಸ್ವೀಡನ್ 1979ರಲ್ಲಿ ಮನೆಯೊಳಗೂ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿತ್ತು. ಬೆತ್ತವನ್ನು ತನ್ನ ವಸಾಹತುಗಳ ಶಾಲೆಗಳಲ್ಲಿಯೂ ನೆಲೆಗೊಳಿಸಿದ್ದ ಬ್ರಿಟನ್ ತನ್ನ ಸರ್ಕಾರಿ ಶಾಲೆಗಳಿಂದ ಅದನ್ನು ತೆಗೆದದ್ದು 1987ರಲ್ಲಿ. ಶಾಲೆಯ ಶಿಸ್ತು ಮಗುವಿನ ಘನತೆಗೆ ಕುಂದು ತರದಂತೆ ಇರಬೇಕೆಂದು ಹೇಳುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. 2000ದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಅಲ್ಲಿನ ಶಾಲಾ ನಿಯಮಗಳಲ್ಲಿದ್ದ ದೈಹಿಕ ದಂಡನೆಯ ಅವಕಾಶವನ್ನು ರದ್ದುಪಡಿಸಿತು. ಆದರೂ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳನ್ನು ಒಳಗೊಂಡ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮಕ್ಕಳಲ್ಲಿ ಸುಮಾರು ಶೇ 65ರಷ್ಟು ಮಂದಿ ತಾವು ಏಟು ತಿಂದಿರುವುದಾಗಿ ಹೇಳಿದ್ದರು.

ಕಲಬುರಗಿಯ ಈ ಭಾಗದಲ್ಲಿ ಬೆತ್ತದ ಬೇರು ಇನ್ನೂ ಆಳದ್ದು. ಊರ ಗುಡಿಯಲ್ಲೋ ಮಠದಲ್ಲೋ ನಡೆಯುತ್ತಿದ್ದ ಗಾವಠಿ ಶಾಲೆಗಳಲ್ಲಿ ಐನೋರು ಮಗ್ಗಿ ತಪ್ಪಿದ ಹುಡುಗನನ್ನು ಕೋದಂಡಕ್ಕೆ ಹಾಕುತ್ತಿದ್ದರು. ಕೋದಂಡವೆಂದರೆ ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿಸಿ ಹುಡುಗನನ್ನು ತೂಗುಬಿಡುವ ಶಿಕ್ಷೆ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ಶಿಕ್ಷಣದ ಮೇಲಿನ ಹಂತಗಳಿಗೆ ಉರ್ದು ಮಾಧ್ಯಮವಾಗಿದ್ದ ಕಾಲದಲ್ಲಿ, ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಪಾಠದ ಭಾಷೆಯೂ ಪರಕೀಯ, ಗದರಿಕೆಯ ಭಾಷೆಯೂ ಪರಕೀಯವಾಗಿತ್ತು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಈ ತಾಲ್ಲೂಕುಗಳು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡ ಶಾಲೆಗಳು ಹೆಚ್ಚಿದವು, ಛಡಿ ಮಾತ್ರ ಮಾಸ್ತರರ ಮೇಜಿನ ಮೇಲೆಯೇ ಉಳಿಯಿತು. ಅದನ್ನು ಅಲ್ಲಿ ಉಳಿಸಿದವರು ಮಾಸ್ತರರಷ್ಟೇ ಅಲ್ಲ. ‘ಕಣ್ಣ ಒಂದ ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸರ್, ಹುಡುಗ ಶ್ಯಾಣ್ಯಾ ಆದ್ರ ಸಾಕು’ ಎಂದು ತಂದೆಯೇ ಮಗನನ್ನು ಒಪ್ಪಿಸಿ ಹೋಗುವ ಮಾತು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಅಪರೂಪವಲ್ಲ. ತಂದೆಯ ಅನುಮತಿ ಕಾನೂನಿನ ನಿಷೇಧವನ್ನು ಸಡಿಲಿಸುವುದಿಲ್ಲ ಎಂಬುದನ್ನು ಅವರಿಗೆ ತಿಳಿಸಿ ಹೇಳುವವರು ಕಡಿಮೆ.

ಶಿಕ್ಷಕರ ದೂರಿಗೂ ಆಧಾರವಿದೆಯೆಂದು ಒಪ್ಪಬೇಕಾಗುತ್ತದೆ. ಕಾನೂನು ಅವರ ಕೈಯಿಂದ ಛಡಿಯನ್ನು ಕಸಿದುಕೊಂಡಿತು, ಅದರ ಬದಲಿಗೆ ಏನು ಹಿಡಿಯಬೇಕೆಂದು ಕಲಿಸುವ ತರಬೇತಿ ಮಾತ್ರ ಅಷ್ಟೇ ಬಿರುಸಿನಿಂದ ಬರಲಿಲ್ಲ. ಸಕಾರಾತ್ಮಕ ಶಿಸ್ತು ಎಂದು ಸುತ್ತೋಲೆಗಳು ಹೇಳುವುದು, ತಪ್ಪು ಮಾಡಿದ ಮಗುವಿಗೆ ನೋವು ಕೊಡುವ ಬದಲು ತಪ್ಪಿನ ಕಾರಣವನ್ನು ಹುಡುಕುವ, ನಿಯಮವನ್ನು ಮೊದಲೇ ತಿಳಿಸಿರುವ, ಒಳ್ಳೆಯ ನಡತೆಯನ್ನು ಗಮನಿಸಿ ಹೇಳುವ ಕ್ರಮವನ್ನು. ಅದಕ್ಕೆ ಬೇಕಾದದ್ದು ಸಮಯ. ಕಾಯ್ದೆಯ ಅನುಸೂಚಿಯು ಕಿರಿಯ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ, ಹಿರಿಯ ಪ್ರಾಥಮಿಕ ಹಂತದಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದು ಹೇಳಿದರೂ, ಈ ತಾಲ್ಲೂಕುಗಳು ಸೇರಿರುವ ಕಲ್ಯಾಣ ಕರ್ನಾಟಕದಲ್ಲಿ ಖಾಲಿ ಹುದ್ದೆಗಳ ಸಮಸ್ಯೆ ದಶಕಗಳಷ್ಟು ಹಳೆಯದು. ಅತಿಥಿ ಶಿಕ್ಷಕರಿಂದ ವರ್ಷ ನೂಕುವ ಶಾಲೆಗಳು ಈ ಮೂರೂ ತಾಲ್ಲೂಕುಗಳಲ್ಲಿವೆ. ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡ ಒಬ್ಬ ಶಿಕ್ಷಕರಿಗೆ ಮಗುವಿನ ಮನಸ್ಸಿನ ಕಾರಣವನ್ನು ಹುಡುಕಲು ವ್ಯವಧಾನ ಎಲ್ಲಿಂದ ಬರಬೇಕು? ಸಂವಿಧಾನದ 371(ಜೆ) ವಿಧಿಯು ಈ ಪ್ರದೇಶಕ್ಕೆ ನೇಮಕಾತಿಯಲ್ಲಿ ಸ್ಥಳೀಯರಿಗೆ ಮೀಸಲಾತಿ ತಂದದ್ದರಿಂದ ದೂರದ ಜಿಲ್ಲೆಗಳಿಂದ ಬಂದು ವರ್ಗಾವಣೆಗೆ ಕಾಯುವ ಶಿಕ್ಷಕರ ಮೇಲಿನ ಅವಲಂಬನೆ ಒಂದಿಷ್ಟು ತಗ್ಗಬೇಕಾಗಿದೆ. ತರಗತಿಯ ಶಿಸ್ತಿಗೂ ಈ ನೇಮಕಾತಿಗೂ ಇರುವ ಸಂಬಂಧವನ್ನು ಯಾರೂ ಹೆಚ್ಚು ಚರ್ಚಿಸಿಲ್ಲ.

ಪಟ್ಟಣದ ಖಾಸಗಿ ಶಾಲೆಯಲ್ಲಿ ಅಶಿಸ್ತು ಎಂದರೆ ಮೊಬೈಲು, ಮಾತು, ಹೋಂವರ್ಕ್ ತಪ್ಪಿಸುವುದು. ಇಲ್ಲಿ ಮೊದಲನೆಯ ಅಶಿಸ್ತು ಗೈರುಹಾಜರಿ, ಮತ್ತು ಅದು ಬಹುಮಟ್ಟಿಗೆ ಮಗುವಿನದಲ್ಲ. ದಸರೆ ದೀಪಾವಳಿಗಳ ಆಚೀಚೆ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರುಗಳ ಕಟ್ಟಡ ಕೆಲಸಕ್ಕೋ ಕಬ್ಬು ಕಡಿಯುವುದಕ್ಕೋ ಗುಳೆ ಹೊರಟಾಗ ಮಕ್ಕಳೂ ಹೊರಡುತ್ತವೆ. ಊರಲ್ಲಿ ಉಳಿದವು ತೊಗರಿ ರಾಶಿಯ, ಹತ್ತಿ ಬಿಡಿಸುವ ದಿನಗಳಲ್ಲಿ ಹೊಲದಲ್ಲಿರುತ್ತವೆ. ಯುಗಾದಿಯ ಹೊತ್ತಿಗೆ ಮರಳಿದ ಮಗು ಹಿಂದಿನ ಪಾಠ ತಿಳಿಯದೆ ತರಗತಿಯಲ್ಲಿ ಕೂತು, ತಿಳಿಯದ್ದನ್ನು ಮುಚ್ಚಿಡಲು ಗಲಾಟೆ ಮಾಡಿದರೆ, ಆ ಗಲಾಟೆಯನ್ನು ಪುಂಡಾಟವೆಂದು ಬರೆದುಕೊಳ್ಳುವುದು ಸುಲಭ. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು 2013ರಲ್ಲಿ ಕರ್ನಾಟಕ ಹೈಕೋರ್ಟ್ ತಾನಾಗಿಯೇ ಪ್ರಕರಣವಾಗಿ ಎತ್ತಿಕೊಂಡ ನಂತರ, ಸತತ 60 ದಿನ ಬಾರದ ಮಗುವನ್ನು ಮಾತ್ರ ಹೊರಗುಳಿದದ್ದೆಂದು ಎಣಿಸುತ್ತಿದ್ದ ರೂಢಿಯನ್ನು ಬಿಟ್ಟು ಆ ಅವಧಿಯನ್ನು 7 ದಿನಗಳಿಗೆ ಇಳಿಸಲಾಯಿತು. ಅಂದರೆ ಎಂಟನೆಯ ದಿನ ಯಾರಾದರೂ ಆ ಮನೆಯ ಬಾಗಿಲಿಗೆ ಹೋಗಬೇಕು. ಗುಳೆ ಹೋಗುವವರ ಮಕ್ಕಳು ಊರಿನಲ್ಲೇ ಉಳಿದು ಓದಲೆಂದು ಸಮಗ್ರ ಶಿಕ್ಷಣ ಯೋಜನೆಯಡಿ ಹಂಗಾಮಿ ವಸತಿ ಕೇಂದ್ರಗಳನ್ನು ತೆರೆಯುವ ಅವಕಾಶವಿದೆ. ಅವು ಕುಟುಂಬಗಳು ಹೊರಡುವ ಮೊದಲು ತೆರೆದರೆ ಮಾತ್ರ ಪ್ರಯೋಜನ.

ಸಮಯಪಾಲನೆಯ ಮಾತೂ ಹೀಗೆಯೇ. ಲಂಬಾಣಿ ತಾಂಡಾದಿಂದಲೋ ಪ್ರೌಢಶಾಲೆಯಿಲ್ಲದ ಸಣ್ಣ ಊರಿನಿಂದಲೋ ಬರುವ ವಿದ್ಯಾರ್ಥಿನಿಯ ಹಾಜರಿ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸಿನ ವೇಳೆಯನ್ನು ಅವಲಂಬಿಸಿದೆ. 2023ರ ಜೂನ್‌ನಿಂದ ಮಹಿಳೆಯರಿಗೆ ಪ್ರಯಾಣ ಉಚಿತವಾದದ್ದು ಹುಡುಗಿಯರಿಗೆ ಒಳ್ಳೆಯದೇ ಆಯಿತು, ಬಸ್ಸುಗಳ ಸಂಖ್ಯೆ ಬೇರೆಯ ಮಾತು. ತಡವಾಗಿ ಬಂದವಳನ್ನು ಪ್ರಾರ್ಥನೆ ಮುಗಿಯುವವರೆಗೆ ಗೇಟಿನ ಹೊರಗೆ ನಿಲ್ಲಿಸುವ ಶಾಲೆ ಯಾರ ತಪ್ಪಿಗೆ ಯಾರನ್ನು ದಂಡಿಸುತ್ತಿದೆ ಎಂದು ಕೇಳಿಕೊಳ್ಳಬೇಕಾದ ಪ್ರಸಂಗ ಇದು. ಸಮವಸ್ತ್ರದ ವಿಷಯದಲ್ಲಿ ರಾಜ್ಯದ ಶಿಕ್ಷಣ ಸಂಸ್ಥೆಗಳ 1995ರ ನಿಯಮಗಳು ಬಹು ಸ್ಪಷ್ಟ: ಒಮ್ಮೆ ಗೊತ್ತುಪಡಿಸಿದ ಉಡುಪನ್ನು ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಪೋಷಕರಿಗೆ ಒಂದು ವರ್ಷ ಮೊದಲು ತಿಳಿಸಬೇಕು. ಹಿಜಾಬ್ ವಿವಾದದ ನಡುವೆ 2022ರ ಫೆಬ್ರುವರಿ 5ರಂದು ಹೊರಟ ಸಮವಸ್ತ್ರದ ಸರ್ಕಾರಿ ಆದೇಶವನ್ನು ರಾಜ್ಯ ಹೈಕೋರ್ಟ್ ಮಾರ್ಚ್ 15ರಂದು ಎತ್ತಿಹಿಡಿದರೆ, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಉರ್ದು ಶಾಲೆಗಳಿರುವ ಈ ತಾಲ್ಲೂಕುಗಳಲ್ಲಿ ಆ ವಿವಾದದ ಬಿಸಿ ತಟ್ಟದೆ ಇರಲಿಲ್ಲ. ಆದರೆ ಬಡಮಕ್ಕಳ ದಿನನಿತ್ಯದ ಕಷ್ಟ ಇರುವುದು ಸರ್ಕಾರ ಉಚಿತವಾಗಿ ಕೊಡುವ ಬಟ್ಟೆ ತಡವಾಗಿ ಬಂದ ವರ್ಷ ‘ಬಣ್ಣದ ಅಂಗಿ ಯಾಕೆ?’ ಎಂದು ಕೇಳಿಸಿಕೊಳ್ಳುವುದರಲ್ಲಿ.

ಶಿಸ್ತನ್ನು ಯಾರೂ ಪಾಠವಾಗಿ ಹೇಳದೆ ಕಲಿಸುವ ಜಾಗವೊಂದು ಶಾಲೆಯಲ್ಲಿದ್ದರೆ ಅದು ಬಿಸಿಯೂಟದ ಸಾಲು. ಅಕ್ಷರ ದಾಸೋಹ ಯೋಜನೆ 2002ರ ಜೂನ್‌ನಲ್ಲಿ ಮೊದಲು ಆರಂಭವಾದದ್ದು ಕಲಬುರಗಿಯೂ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಉಳಿದ ರಾಜ್ಯಕ್ಕೆ ಅದು ಮರುವರ್ಷ ಹಬ್ಬಿತು. ಯೋಜನೆಯ ಹೆಸರಿನಲ್ಲಿರುವ ದಾಸೋಹದ ಕಲ್ಪನೆ ಈ ಮಣ್ಣಿಗೆ ಹೊಸದಲ್ಲ: ಕಲಬುರಗಿಯಲ್ಲಿ ನೆಲೆಸಿ ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರು ಹುಟ್ಟಿದ ಊರು ಜೇವರ್ಗಿ ಸೀಮೆಯ ಅರಳಗುಂಡಗಿ. ಕೈ ತೊಳೆದು, ಯಾರ ಪಕ್ಕದಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂತು, ಎಲ್ಲರಿಗೂ ಬಡಿಸುವವರೆಗೆ ಕಾದು ಉಣ್ಣುವ ಮಗು ಊರಿನ ಬೀದಿಯಲ್ಲಿ ಇನ್ನೂ ಸಾಧ್ಯವಾಗದ ಒಂದು ನಡವಳಿಕೆಯನ್ನು ಅಭ್ಯಾಸ ಮಾಡುತ್ತಿರುತ್ತದೆ. ಸಾಲು ಜಾತಿಯಂತೆ ಒಡೆದರೆ ಅಥವಾ ಅಡುಗೆಯವರ ಜಾತಿ ನೋಡಿ ಊಟ ನಿರಾಕರಿಸುವಂತೆ ಮನೆಯವರು ಹೇಳಿಕೊಟ್ಟರೆ ಅದಕ್ಕಿಂತ ದೊಡ್ಡ ಶಿಸ್ತುಭಂಗ ಶಾಲೆಯಲ್ಲಿ ಮತ್ತೊಂದಿಲ್ಲ. ವಿಚಿತ್ರವೆಂದರೆ ಯಾವ ಶಾಲೆಯ ಗೋಡೆಯ ನಿಯಮಾವಳಿಯಲ್ಲೂ ಅದು ಮೊದಲ ಸಾಲಿನಲ್ಲಿ ಇರುವುದಿಲ್ಲ, ‘ಮೌನವಾಗಿರಿ’ ಎಂಬುದು ಇರುತ್ತದೆ.

ಸ್ವಚ್ಛತೆಯ ಹೆಸರಿನ ಶಿಸ್ತಿಗೂ ಇದೇ ಎಚ್ಚರ ಬೇಕು. ತಾವು ಕೂರುವ ಕೋಣೆಯನ್ನು ಎಲ್ಲ ಮಕ್ಕಳೂ ಸರದಿಯಂತೆ ಗುಡಿಸುವುದು ಬೇರೆ, ಶಿಕ್ಷೆಯೆಂದು ಕೆಲವರಿಂದಲೇ ಶೌಚಾಲಯ ತೊಳೆಸುವುದು ಬೇರೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಪ್ರಕರಣ ಬಯಲಾಗಿ ರಾಜ್ಯವೇ ತಲೆತಗ್ಗಿಸಿದ ಮೇಲೆ, ಮಕ್ಕಳಿಂದ ಶೌಚಾಲಯ ಸ್ವಚ್ಛ ಮಾಡಿಸಬಾರದೆಂದು ಶಿಕ್ಷಣ ಇಲಾಖೆ ಕಟ್ಟುನಿಟ್ಟಿನ ಸೂಚನೆ ಹೊರಡಿಸಿತು.

ಮೌನವೇ ಶಿಸ್ತೆಂಬ ನಂಬಿಕೆಗೆ ಕರ್ನಾಟಕದ ಸರ್ಕಾರಿ ಶಾಲೆಗಳು ತಾವೇ ಒಂದು ಉತ್ತರ ಕೊಟ್ಟಿವೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ಮುಂದೆ ರಾಜ್ಯವ್ಯಾಪಿಯಾದ ನಲಿ-ಕಲಿ ಪದ್ಧತಿಯಲ್ಲಿ ಮೊದಲ ತರಗತಿಗಳ ಮಕ್ಕಳು ಗುಂಪುಗಳಲ್ಲಿ ಕೂತು, ಗೋಡೆಯ ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲನ್ನು ತಾವೇ ಗುರುತಿಸಿ, ಕಾರ್ಡುಗಳನ್ನು ತಾವೇ ತೆಗೆದಿಡುತ್ತಾರೆ. ಅಲ್ಲಿ ಸದ್ದಿರುತ್ತದೆ, ಸದ್ದಿನೊಳಗೊಂದು ಕ್ರಮವಿರುತ್ತದೆ. ನಾಲ್ಕನೆಯ ತರಗತಿಗೆ ಬಂದ ಕೂಡಲೇ ಅದೇ ಮಕ್ಕಳನ್ನು ಸಾಲಾಗಿ ಕೂರಿಸಿ ಕೈಕಟ್ಟಿಸಿದಾಗ ಅವರಲ್ಲಿ ಕೆಲವರು ಚಡಪಡಿಸುವುದನ್ನು ಅವರ ಸ್ವಭಾವದೋಷವೆನ್ನಲಾಗದು. ತಾಂಡಾದ ಲಂಬಾಣಿ ಮಗು ಅಥವಾ ಆಳಂದದ ಗಡಿಹಳ್ಳಿಯ ಮರಾಠಿ ಮನೆಮಾತಿನ ಮಗು ಕನ್ನಡದ ಪ್ರಶ್ನೆಗೆ ಉತ್ತರಿಸದೆ ನಿಂತಾಗ ಅದನ್ನು ಹಠವೆಂದು ಓದುವ ಪೂರ್ವಗ್ರಹವೂ ಇದೆ. ಇನ್ನೊಂದು ಗುಂಪು ವಯಸ್ಸಿಗೆ ತಕ್ಕ ತರಗತಿಗೆ ನೇರವಾಗಿ ದಾಖಲಾದವರದು. ಕಾಯ್ದೆಯ 4ನೇ ಕಲಮು ಅಂಥ ಮಗುವಿಗೆ ವಿಶೇಷ ತರಬೇತಿಯ ಹಕ್ಕನ್ನು ಕೊಟ್ಟಿದೆ. ದಾಖಲಾತಿ ನಡೆದು ತರಬೇತಿ ನಡೆಯದಿದ್ದರೆ ಹನ್ನೆರಡು ವರ್ಷದ, ಅಕ್ಷರ ಕೂಡಿಸಲಾರದ ಹುಡುಗ ಆರನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ವರ್ಷವಿಡೀ ಮಾಡುವುದಾದರೂ ಏನನ್ನು?

ಹುಡುಗಿಯರ ಪ್ರಶ್ನೆ ಪ್ರತ್ಯೇಕವಾದದ್ದು. ಬಾಲ್ಯವಿವಾಹದ ಪಿಡುಗು ಇನ್ನೂ ಬಿಡದ ಈ ಜಿಲ್ಲೆಯಲ್ಲಿ ಎಂಟನೆಯ ತರಗತಿಯ ಹುಡುಗಿ ದೀರ್ಘಕಾಲ ಗೈರಾದರೆ ಶಾಲೆ ಅದನ್ನು ಅಶಿಸ್ತೆಂದು ಬಗೆದು ಸುಮ್ಮನಾಗುವಂತಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ಪೊಲೀಸರಿಗೆ ವರದಿ ಮಾಡುವುದು ಶಿಕ್ಷಕರಿಗೂ ಕಡ್ಡಾಯ. ಶಾಲೆಯ ಹೆಸರು ಕೆಡುತ್ತದೆಂದು ಮುಚ್ಚಿಡುವುದೇ ಅಪರಾಧ.

ನಿಯಮಗಳನ್ನು ಮಾಡುವವರು ಯಾರು ಎಂಬುದರ ಮೇಲೆ ಅವು ಎಷ್ಟರಮಟ್ಟಿಗೆ ಪಾಲನೆಯಾಗುತ್ತವೆ ಎಂಬುದು ನಿಂತಿದೆ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ ಕರ್ನಾಟಕದಲ್ಲಿ 2001ರಿಂದ ರಚನೆಯಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಜನರ ಬಾಯಲ್ಲಿ ಎಸ್‌ಡಿಎಂಸಿ, ಪೋಷಕರಿಗೆ ಶಾಲೆಯೊಳಗೆ ಅಧಿಕೃತ ಸ್ಥಾನ ಕೊಟ್ಟಿತು. ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದಿತು. ಸಮಿತಿಯ ಸಭೆಗಳು ಕಟ್ಟಡ, ಅನುದಾನ, ಅಧ್ಯಕ್ಷಗಿರಿಗಳಲ್ಲಿ ಮುಗಿದುಹೋಗುವುದೇ ಹೆಚ್ಚು, ಮಕ್ಕಳ ನಡವಳಿಕೆಯ ಕುರಿತು ಕಲಾಪದ ಪುಸ್ತಕದಲ್ಲಿ ಸಾಲೊಂದು ಬರುವುದು ವಿರಳ. ಇದಕ್ಕಿಂತ ಭರವಸೆಯದು ಶಾಲಾ ಸಂಸತ್ತು: ಮಕ್ಕಳೇ ಮತ ಹಾಕಿ ಮುಖ್ಯಮಂತ್ರಿ, ಆರೋಗ್ಯ ಮಂತ್ರಿ, ಆಹಾರ ಮಂತ್ರಿಗಳನ್ನು ಆರಿಸುವ ಈ ಪದ್ಧತಿ ರಾಜ್ಯದ ಅನೇಕ ಸರ್ಕಾರಿ ಶಾಲೆಗಳಲ್ಲಿ ಜೂನ್ ಜುಲೈ ತಿಂಗಳಲ್ಲಿ ಲವಲವಿಕೆಯಿಂದ ನಡೆಯುತ್ತದೆ. ಆರಿಸಿಬಂದ ಮಂತ್ರಿಗೆ ಗದ್ದಲ ಮಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವ ಕೆಲಸವಷ್ಟೇ ಸಿಕ್ಕರೆ ಅದು ಹಳೆಯ ಮಾನಿಟರ್‌ಗಿರಿಯೇ ಸರಿ. ತಡವಾಗಿ ಬಂದವರಿಗೆ ಏನು ಮಾಡಬೇಕು, ಜಗಳವಾಡಿದವರು ಹೇಗೆ ರಾಜಿಯಾಗಬೇಕು ಎಂಬುದನ್ನು ಆ ಸಂಸತ್ತಿನಲ್ಲೇ ಚರ್ಚಿಸಿ ನಿಯಮ ಬರೆಸಿದ ಕಡೆ, ಶಿಕ್ಷಕರಿಗೆ ಗದರುವ ಅಗತ್ಯ ತಾನಾಗಿ ಕಡಿಮೆಯಾಗುತ್ತದೆ.

ದೊಡ್ಡವರ ಶಿಸ್ತು ಸಡಿಲವಾದಾಗ ಮಕ್ಕಳ ಶಿಸ್ತು ಎಲ್ಲಿಗೆ ಹೋಗಿ ನಿಲ್ಲುತ್ತದೆಂಬುದನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆ ತೋರಿಸಿತು. ನಕಲು ತಡೆಯಲು 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮೂಲಕ ಅಧಿಕಾರಿಗಳು ಕುಳಿತಲ್ಲಿಂದಲೇ ನೋಡುವ ವ್ಯವಸ್ಥೆ ಬಂದಿತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ಆ ಕೃಪಾಂಕವನ್ನು ತೆಗೆದ 2025ರಲ್ಲಿ ಕಲಬುರಗಿ ಜಿಲ್ಲೆ ಶೇ 42.43ರ ಫಲಿತಾಂಶದೊಂದಿಗೆ ರಾಜ್ಯದಲ್ಲಿ ಕೊನೆಯ ಸ್ಥಾನಕ್ಕೆ ಬಂದಿತು. ಕಿಟಕಿಯಿಂದ ಚೀಟಿ ಎಸೆಯುವ ಅಣ್ಣಂದಿರನ್ನೂ ಕಂಡೂ ಕಾಣದಂತಿರುವ ಮೇಲ್ವಿಚಾರಕರನ್ನೂ ನೋಡುತ್ತ ಬೆಳೆದ ಮಗುವಿಗೆ ನಕಲು ತಪ್ಪೆಂದು ನೈತಿಕ ಶಿಕ್ಷಣದ ಅವಧಿಯಲ್ಲಿ ಹೇಳಿದರೆ ಅದು ನಂಬಲು ಕಾರಣವಿಲ್ಲ.

ಮಗುವಿಗೆ ಹೊಡೆತವೋ ಅವಮಾನವೋ ಆದಾಗ ಪೋಷಕರು ಮೊದಲು ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿಯನ್ನೂ, ಅಲ್ಲಿ ಪರಿಹಾರ ಸಿಗದಿದ್ದರೆ ತಾಲ್ಲೂಕು ಕೇಂದ್ರದಲ್ಲಿರುವ ಕ್ಷೇತ್ರ ಶಿಕ್ಷಣಾಧಿಕಾರಿಯನ್ನು, ನಂತರ ಕಲಬುರಗಿಯ ಉಪನಿರ್ದೇಶಕರ ಕಚೇರಿಯನ್ನು ಲಿಖಿತವಾಗಿ ಕೇಳಬಹುದು. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ನೇರವಾಗಿಯೂ ದೂರು ಕೊಡಬಹುದು. 1098 ಸಹಾಯವಾಣಿಗೆ ಮಗುವೇ ಕರೆ ಮಾಡಬಹುದು. ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯಲಾಗದವರಿಗೆ ಹತ್ತಿರದ ವೇದಿಕೆ, ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮಸಭೆ. ರಾಜ್ಯದ ಬೇರೆ ಬೇರೆ ಕಡೆ ಈ ಸಭೆಗಳಲ್ಲಿ ಮಕ್ಕಳು ಎತ್ತುವ ವಿಷಯಗಳು ಬಹುಪಾಲು ಒಂದೇ ಬಗೆಯವು: ನೀರಿಲ್ಲದ ಶೌಚಾಲಯ, ಬಿದ್ದ ಕಾಂಪೌಂಡು, ಬಾರದ ಬಸ್ಸು, ಇಲ್ಲದ ಶಿಕ್ಷಕರು, ಶಾಲೆಯ ಪಕ್ಕದ ಅಂಗಡಿಯ ಗುಟ್ಕಾ. ಶಾಲೆಯ ಆಸುಪಾಸಿನಲ್ಲಿ ತಂಬಾಕು ಮಾರುವುದನ್ನು 2003ರ ಕಾನೂನು ನಿಷೇಧಿಸಿದೆ. ಮಕ್ಕಳು ಎತ್ತಿದ ಆ ವಿಷಯಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡು, ಏನು ಕ್ರಮ ಕೈಗೊಂಡೆವೆಂದು ಮುಂದಿನ ಸಭೆಯಲ್ಲಿ ಮಕ್ಕಳಿಗೆ ಹೇಳಬೇಕಾದವರು ಪಂಚಾಯಿತಿಯ ಅಧ್ಯಕ್ಷರು ಮತ್ತು ಅಭಿವೃದ್ಧಿ ಅಧಿಕಾರಿ.